ಪಟ್ಟ ಮೊದಲು, ಪಟ್ಟು ಆಮೇಲೆ

2014ರ ಜೂನ್ 12ರಂದು ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇ ಒಂದೇ ಏಟಿಗೆ ಹಲವು ಪೈಲ್ವಾನರನ್ನು ಮನೆಗೆ ಕಳಿಸಿತು. ಅವರಲ್ಲಿ ‘3ಎಂಬಿ’ ಎಂಬ ನಗೆಪಾಟಲಿನ ತಂಡದ ಇಬ್ಬರಿದ್ದರು: ಸ್ಕಾಟ್ಲೆಂಡಿನ ಡ್ರೂ ಮ್ಯಾಕಿಂಟೈರ್ ಮತ್ತು ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಪಂಜಾಬಿ ಜಿಂದರ್ ಮಹಲ್. ಸೋಲುವುದೇ ಇಬ್ಬರ ಉದ್ಯೋಗವಾಗಿತ್ತು.

ಮ್ಯಾಕಿಂಟೈರ್ ಸಣ್ಣಪುಟ್ಟ ಕಂಪನಿಗಳಲ್ಲಿ ಬೆವರು ಹರಿಸಿ, 2016ರಲ್ಲಿ ಟಿಎನ್‌ಎ ಕಂಪನಿಯ ಚಾಂಪಿಯನ್ ಆಗಿ, ಮರುವರ್ಷ ಹಳೆಯ ಮನೆಗೆ ಮರಳಿದ. ಮಹಲ್ 2016ರಲ್ಲೇ ವಾಪಸಾಗಿದ್ದ. ಮೈಕಟ್ಟು ಹುರಿಗೊಂಡಿತ್ತು, ನರಗಳು ಉಬ್ಬಿದ್ದವು. ಆಟ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ.

ಸೋಲು ಗೆಲುವು ಮೊದಲೇ ತೀರ್ಮಾನವಾಗಿರುವ ಈ ಕುಸ್ತಿಯಲ್ಲಿ ಕಸುಬು ಅಳೆಯುವುದು ಹೇಗೆ? ಎದುರಾಳಿಗೆ ನೋವಾಗದಂತೆ ಹೊಡೆಯಬೇಕು, ನೋಡುವವನಿಗೆ ನೋವಾಗಬೇಕು. ಮಹಲ್ ಎಡವಿದ್ದು ಇಲ್ಲೇ. 2017ರ ಏಪ್ರಿಲ್‌ನಲ್ಲಿ ಅವನ ಏಟೊಂದು ಜೋರಾಗಿ ತಗಲಿ ಫಿನ್ ಬಾಲರ್ ತಲೆಗೆ ಪೆಟ್ಟಾಯಿತು. ದೀರ್ಘ ಪಂದ್ಯಗಳಲ್ಲಂತೂ ಎದುರಾಳಿಯ ಗದ್ದ ಹಿಡಿದು ಕೂತುಬಿಟ್ಟರೆ ಏಳುತ್ತಲೇ ಇರಲಿಲ್ಲ. ಪ್ರೇಕ್ಷಕ ಅಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಆದರೆ ಅವನ ‘ಖಲ್ಲಾಸ್’ ಒಳ್ಳೆಯ ಪಟ್ಟು. ಹಿಂದಿನಿಂದ ಕುತ್ತಿಗೆಗೆ ತೋಳು ಬಿಗಿದು, ಎತ್ತಿ, ಬೆನ್ನಡಿಯಾಗಿ ಕುಕ್ಕುವ ಅದು ಅವನ ಎತ್ತರಕ್ಕೆ ಒಪ್ಪುತ್ತಿತ್ತು. ಮೈಕ್ ಹಿಡಿದು ಪ್ರೇಕ್ಷಕರನ್ನು ಕೆಣಕುವುದರಲ್ಲೂ ಅವನು ಕಡಿಮೆಯೇನಲ್ಲ.

2017ರ ಮೇ 21ರಂದು ಷಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ ಅದೇ ಖಲ್ಲಾಸ್ ಹಾಕಿ ರ್‍ಯಾಂಡಿ ಆರ್ಟನ್‌ನನ್ನು ಕೆಡವಿ ಚಾಂಪಿಯನ್ ಬೆಲ್ಟ್ ಗೆದ್ದ. ಕಂಪನಿಯ ಕಣ್ಣು ಭಾರತದ ಮಾರುಕಟ್ಟೆಯ ಮೇಲಿತ್ತು ಎಂಬುದು ಗುಟ್ಟೇನಲ್ಲ. ವಿಚಿತ್ರವೆಂದರೆ, 170 ದಿನಗಳ ನಂತರ, ಕಂಪನಿಯ ದೆಹಲಿ ಪ್ರದರ್ಶನಕ್ಕೆ ಒಂದೇ ತಿಂಗಳಿರುವಾಗ, ಮ್ಯಾಂಚೆಸ್ಟರ್‌ನಲ್ಲಿ ಎ.ಜೆ. ಸ್ಟೈಲ್ಸ್‌ಗೆ ಬೆಲ್ಟ್ ಹೋಯಿತು. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಟ್ರಿಪಲ್ ಎಚ್ ಎದುರೂ ಸೋತ. ಯಾರಿಗಾಗಿ ಚಾಂಪಿಯನ್ ಮಾಡಿದರೋ ಆ ಜನರೆದುರು ಅವನು ಬರಿಗೈ!

ಅತ್ತ ಮ್ಯಾಕಿಂಟೈರ್ 2020ರಲ್ಲಿ ಕಂಪನಿಯ ದೊಡ್ಡ ಪ್ರದರ್ಶನ ರೆಸಲ್‌ಮೇನಿಯಾದಲ್ಲಿ ಬ್ರಾಕ್ ಲೆಸ್ನರ್‌ನನ್ನೇ ಸೋಲಿಸಿ ಚಾಂಪಿಯನ್ ಆದ. ಪಳಗಿದ ಮೇಲೆ ಸಿಕ್ಕ ಪಟ್ಟ ಅದು. ಮಹಲ್‌ಗೆ 2018ರಲ್ಲಿ ಯುಎಸ್ ಚಾಂಪಿಯನ್ ಪಟ್ಟವೂ ದಕ್ಕಿತು, ಹೆಚ್ಚು ದಿನ ಉಳಿಯಲಿಲ್ಲ. 2024ರ ಜನವರಿಯಲ್ಲಿ ಸೆತ್ ರಾಲಿನ್ಸ್ ಎದುರು ದೊಡ್ಡ ಅವಕಾಶ ಬಂತು, ಸೋತ. ಏಪ್ರಿಲ್‌ನಲ್ಲಿ ಮತ್ತೆ ಕೆಲಸ ಹೋಯಿತು.

1986ರಲ್ಲಿ ಹುಟ್ಟಿದವನು. ಬಿಡುವ ವಯಸ್ಸೇನೂ ಆಗಿಲ್ಲ, ಆದರೆ ಇಪ್ಪತ್ತು ನಿಮಿಷದ ಏಕಾಂಗಿ ಪಂದ್ಯ ಅವನ ಜಾಯಮಾನಕ್ಕೆ ಒಗ್ಗದು. ಚುರುಕಾದ ಜೊತೆಗಾರನೊಬ್ಬ ಸಿಕ್ಕಿ ಜೋಡಿ ಕುಸ್ತಿಗಿಳಿದರೆ, ಓಡಾಟದ ಭಾರ ಅವನಿಗೆ ಬಿಟ್ಟು, ಬೈಗುಳ ಮತ್ತು ಖಲ್ಲಾಸ್ ಎರಡನ್ನು ಮಾತ್ರ ಮಹಲ್ ಇಟ್ಟುಕೊಳ್ಳಬಹುದು.