‘ಚಿಕವೀರ ರಾಜೇಂದ್ರ’ ಯಾವ ವಯಸ್ಸಿನ ಪುಸ್ತಕ?

ಐತಿಹಾಸಿಕ ಕಾದಂಬರಿಗಳನ್ನು ವಯಸ್ಸಿಗೆ ತಕ್ಕಂತೆ ಹಂಚುವ ಪದ್ಧತಿಯೊಂದು ಕನ್ನಡದ ಶಾಲೆ, ಗ್ರಂಥಾಲಯಗಳಲ್ಲಿ ಸದ್ದಿಲ್ಲದೆ ಬೇರು ಬಿಟ್ಟಿದೆ. 12ರ ಮಕ್ಕಳಿಗೆ ಕೆ.ವಿ. ಅಯ್ಯರ್ ಅವರ ‘ರೂಪದರ್ಶಿ’, 15–16ಕ್ಕೆ ತ.ರಾ.ಸು. ಅವರ ಚಿತ್ರದುರ್ಗದ ಕಥೆಗಳು, ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಮಾತ್ರ ಎಂ.ಎ. ತರಗತಿಗೆ. 1956ರಲ್ಲಿ ಬಂದ ಈ ಕಾದಂಬರಿ, 1983ರಲ್ಲಿ ಮಾಸ್ತಿಯವರಿಗೆ ಜ್ಞಾನಪೀಠ ಸಂದ ಮೇಲಂತೂ ಬೀರುವಿನ ಗಾಜಿನ ಹಿಂದೆ ಸೇರಿಕೊಂಡಿತು. ಹೊಗಳಿಕೆಗೆ ಬರವಿಲ್ಲ. ಓದುವ ಹುಡುಗರು ಮಾತ್ರ ಇಲ್ಲ.

ಈ ಹಂಚಿಕೆ ತಪ್ಪು.

‘ರೂಪದರ್ಶಿ’ಯ ವಿಷಯ ಬೇಗ ಮುಗಿಯುತ್ತದೆ. ಬಾಲಯೇಸುವಿಗೆ ರೂಪದರ್ಶಿಯಾಗಿದ್ದ ಹುಡುಗನೇ ವರ್ಷಗಳ ನಂತರ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗುವ ಕಥೆ ಅದು. ಸಾಮಾನ್ಯವಾಗಿ ಲಿಯೊನಾರ್ಡೊ ಹೆಸರಿನಲ್ಲಿ ಹೇಳುವ ಈ ದಂತಕಥೆಯನ್ನು ಅಯ್ಯರ್ ಮೈಕೆಲೇಂಜೆಲೋನ ಮೇಲಿಟ್ಟು ಬರೆದರು. ಮಕ್ಕಳನ್ನು ಹಿಡಿದು ಕೂರಿಸುವ ಪುಸ್ತಕ, ಸರಿ. ಆದರೆ ಅಲ್ಲಿ ಇತಿಹಾಸಕ್ಕಿರುವುದು ವೇಷಭೂಷಣದ ಕೆಲಸವಷ್ಟೆ.

ತ.ರಾ.ಸು. ವಿಷಯ ಅಷ್ಟು ಸುಲಭವಲ್ಲ. ‘ದುರ್ಗಾಸ್ತಮಾನ’ ದೊಡ್ಡ ಕಾದಂಬರಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದದ್ದು ನ್ಯಾಯವೇ. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದ ದುಃಖವನ್ನು ಅಷ್ಟು ತುಂಬುಕಂಠದಲ್ಲಿ ಹೇಳಿದವರು ಇನ್ನೊಬ್ಬರಿಲ್ಲ. ಆದರೆ ಆ ತುಂಬುಕಂಠವೇ ಎಳೆಯ ಓದುಗನನ್ನು ಮೊದಲ ಪುಟದಿಂದ ಕೋಟೆಯ ಒಳಗೆ ನಿಲ್ಲಿಸಿಬಿಡುತ್ತದೆ. ದುರ್ಗದ ಅರಸ ಮದಕರಿ ನಾಯಕನ ಪಕ್ಕ ನಿಂತವನಿಗೆ ಹೊರಗಿನದೆಲ್ಲ ಶತ್ರು. ಹೆಮ್ಮೆ, ಕಣ್ಣೀರು ಎರಡೂ ಸಿಗುತ್ತವೆ. ಒಂದು ರಾಜ್ಯ ಒಳಗಿನಿಂದ ಹೇಗೆ ಸವೆಯುತ್ತದೆ ಎಂದು ತಾನೇ ಯೋಚಿಸಲು ಬಿಡುವು ಸಿಗುವುದು ಕಡಿಮೆ.

ಆ ಬಿಡುವನ್ನು ಮಾಸ್ತಿ ಕೊಡುತ್ತಾರೆ. ಕೊಡಗಿನ ಕೊನೆಯ ಅರಸ ಚಿಕವೀರ ರಾಜೇಂದ್ರನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚೆನ್ನಬಸವ ಅವನಿಗೆ ಹೆದರಿ ಈಸ್ಟ್ ಇಂಡಿಯಾ ಕಂಪನಿಯವರ ಆಶ್ರಯಕ್ಕೆ ಓಡುವ ಭಾಗವನ್ನೇ ನೋಡಬಹುದು. ಅವರ ಮಗು ಹಿಂದೆ ಉಳಿದು ರಾಜನ ಕೈಗೆ ಸಿಗುತ್ತದೆ. ಅಗ್ಗದ ಲೇಖಕನಾಗಿದ್ದರೆ ಇಲ್ಲಿ ಕತ್ತಿ ಝಳಪಿಸುತ್ತಿದ್ದ. ಮಾಸ್ತಿ ಗಮನವಿಡುವುದು ಸುತ್ತಲಿನ ಜನರ ಮೇಲೆ. ರಾಣಿ ಗೌರಮ್ಮಾಜಿ ತನ್ನ ಅಂಕೆಯಲ್ಲಿದ್ದಷ್ಟನ್ನು ಮಾಡುತ್ತಾಳೆ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯನಂಥ ಮಂತ್ರಿಗಳನ್ನು ಅರಸನ ಮೇಲಿನ ನಿಷ್ಠೆ ಒಂದು ಕಡೆ, ನಾಡಿನ ಮೇಲಿನದು ಇನ್ನೊಂದು ಕಡೆ ಎಳೆಯುತ್ತದೆ. ಅರಸನ ಆಪ್ತ ಕುಂಟ ಬಸವ ಅವನ ಹಟಕ್ಕೆ ಹೆಗಲು ಕೊಡುತ್ತಲೇ ಬಂದಿದ್ದಾನೆ. ಒಬ್ಬೊಬ್ಬರೂ ತಮ್ಮ ಮಿತಿಯೊಳಗೆ ಸರಿ ಅನ್ನಿಸುವಂತೆಯೇ ನಡೆಯುತ್ತಿರುವಾಗ ಮಗು ಸಾಯುತ್ತದೆ. ಕೊಂದವನು ಯಾರೆಂಬುದು ಎಲ್ಲರಿಗೂ ಗೊತ್ತು. ಕೊಲ್ಲಲು ಬಿಟ್ಟವರು ಎಷ್ಟು ಜನ ಎಂಬ ಲೆಕ್ಕವನ್ನು ಓದುಗನೇ ಹಾಕಿಕೊಳ್ಳಬೇಕು.

ಈ ಕಣ್ಣು ಬಂದದ್ದು ಅಧಿಕಾರಿಯ ಅನುಭವದಿಂದ. ಮೈಸೂರು ಸಿವಿಲ್ ಸರ್ವೀಸಿನಲ್ಲಿದ್ದು 1943ರಲ್ಲಿ ರಾಜೀನಾಮೆ ಕೊಟ್ಟು ಬಂದ ಮಾಸ್ತಿಯವರಿಗೆ, ಆಡಳಿತ ಕೆಡುವುದು ರಣರಂಗದಲ್ಲಲ್ಲ, ದಿನನಿತ್ಯದ ಮಾತುಕತೆಯಲ್ಲಿ ಎಂಬುದು ಚೆನ್ನಾಗಿ ಗೊತ್ತಿತ್ತು. 1834ರಲ್ಲಿ ಇಂಗ್ಲಿಷರು ಮಡಿಕೇರಿಗೆ ಬರುವ ಹೊತ್ತಿಗೆ ಸೋಲು ಅದಾಗಲೇ ಆಗಿಹೋಗಿರುತ್ತದೆ.

ಕುಡಿತ, ಹೆಣ್ಣಿನ ಹುಚ್ಚು, ಶಿಶುಹತ್ಯೆ ತುಂಬಿದ ಪುಸ್ತಕವನ್ನು ಹುಡುಗರಿಗೆ ಕೊಡುವುದೇ ಎಂದು ಕೆಲವು ವಿಮರ್ಶಕರು ಹುಬ್ಬೇರಿಸುತ್ತಾರೆ. ಹೆಡೆಮುರಿ ಕಟ್ಟುವುದು, ತಲೆ ಹಾರಿಸುವುದು ತುಂಬಿದ ವೀರಕಥೆಗಳನ್ನು ಅದೇ ಹುಡುಗರ ಕೈಗಿಡುವಾಗ ಇವರಿಗೆ ಅಳುಕಿಲ್ಲ! ಕ್ರೌರ್ಯವನ್ನು ಸಂಭ್ರಮಿಸುವ ಪುಟ 15ರ ಓದುಗನಿಗೆ ಸಲ್ಲುತ್ತದೆ, ಕ್ರೌರ್ಯಕ್ಕೆ ನಾಚುವ ಪುಟ ಸಲ್ಲದು ಎಂಬುದು ಯಾವ ನ್ಯಾಯ? ಐತಿಹಾಸಿಕ ಕಾದಂಬರಿಯೆಂದರೇ ಹುಡುಗಾಟದ ಓದು ಎಂದು ಮೂಗು ಮುರಿದ ನವ್ಯದ ಕಾಲದ ಕೆಲವರದು ಇದರ ಇನ್ನೊಂದು ತುದಿ. ಇಬ್ಬರೂ ಸೇರಿ ಈ ಪುಸ್ತಕವನ್ನು ಅದರ ನಿಜವಾದ ಓದುಗನಿಂದ ದೂರವಿಟ್ಟರು.

ಕೊರತೆಗಳು ಇಲ್ಲವೆಂದಲ್ಲ. ಆರಂಭ ನಿಧಾನ. ಗೌರಮ್ಮಾಜಿಯ ಸದ್ಗುಣಕ್ಕೆ ಒಂದಾದರೂ ಬಿರುಕು ಬೇಕಿತ್ತು. ಅರಸ, ಆಳು, ದೊರೆ ಎಲ್ಲರೂ ಹೆಚ್ಚುಕಡಿಮೆ ಮಾಸ್ತಿಯವರ ಹದದಲ್ಲೇ ಮಾತಾಡುತ್ತಾರೆ. ಆದರೆ ನಮ್ಮ ಕೋಲಾರ ಜಿಲ್ಲೆಯ ಬಂಗಾರಪೇಟೆಯಂಥ ಊರಿಗೆ ಆ ಹದವೇ ಅನುಕೂಲ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ತ.ರಾ.ಸು. ಅವರ ಸಂಸ್ಕೃತಭರಿತ ಉದ್ದ ವಾಕ್ಯಗಳಲ್ಲಿ ಎಡವಬಹುದು. ಮಾಸ್ತಿಯವರ ತಿಳಿಗನ್ನಡದಲ್ಲಿ ಎಡವುವುದಿಲ್ಲ. ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತೂ ತಮಿಳೇ ಆಗಿತ್ತು.

ಇದು ಈ ಭಾಗಕ್ಕೆ ತುರ್ತಾಗಿ ಬೇಕಾದ ಓದು ಕೂಡ. 2018ರ ‘ಕೆಜಿಎಫ್’ ಸಿನಿಮಾದಲ್ಲಿ ಚಿನ್ನ ಸಿಗುವುದು 1951ರಲ್ಲಿ. ನಿಜದ ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ 1880ರಿಂದಲೇ ಅಗೆಯುತ್ತಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. 1930ರಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. 2001ರಲ್ಲಿ ಗಣಿ ಮುಚ್ಚಿತು. ಕತ್ತಿ ಬಂದೂಕಿನ ಒಬ್ಬ ನಾಯಕನಿಂದ ಈ ಇತಿಹಾಸವನ್ನು ವಿವರಿಸಲಾಗದು. ಯಾರು ಏನು ಗೊತ್ತಿದ್ದೂ ಸುಮ್ಮನಿದ್ದರು, ಕಂಪನಿ ಹೇಗೆ ಕಾಲೂರಿತು ಎಂದು ಕೇಳುವ ಅಭ್ಯಾಸ ಬೇಕು. ಆ ಅಭ್ಯಾಸ ಮಾಡಿಸುವುದರಲ್ಲಿ ‘ಚಿಕವೀರ ರಾಜೇಂದ್ರ’ಕ್ಕೆ ಸಮನಾದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ.

ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಮಾಲೂರಿನ ಕನ್ನಡ ಮೇಷ್ಟ್ರುಗಳು ಈ ಪುಸ್ತಕವನ್ನು ಬೀರುವಿನಿಂದ ತೆಗೆದು ಹತ್ತನೇ ತರಗತಿಯ ಮಕ್ಕಳ ಕೈಗೆ ಕೊಡಲಿ. ಪರೀಕ್ಷೆಗೆ ಬೇಡ, ಓದಿಗೆ.