ಕೆಲಸಕ್ಕೆ ಮೊದಲೇ ಪೋರ್ಟ್‌ಫೋಲಿಯೊ

ನರಿಮೊಗರಿನಿಂದ ಪುತ್ತೂರಿಗೋ ಸುಳ್ಯಕ್ಕೋ ಬಸ್ಸು ಹಿಡಿದು ಎಂಜಿನಿಯರಿಂಗ್, ಬಿಸಿಎ ಓದಲು ಹೋಗುವ ಮಕ್ಕಳಿಗೆ ಈಗ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: ‘ಆನ್‌ಲೈನ್ ಪೋರ್ಟ್‌ಫೋಲಿಯೊ ಮಾಡಿಟ್ಟುಕೊ, ಕಂಪನಿಯವರು ನೋಡುವುದು ಅದನ್ನೇ.’ ಈ ಮಾತು ಅರ್ಧ ಸುಳ್ಳು. ನಿಜವಿರುವ ಅರ್ಧವನ್ನೂ ನಾವು ತಪ್ಪಾಗಿ ಕಲಿಸುತ್ತಿದ್ದೇವೆ.

ಹೊಸಬರನ್ನು ಸಾವಿರಗಟ್ಟಲೆ ಸೇರಿಸಿಕೊಳ್ಳುವ ಟಿಸಿಎಸ್‌ನಂಥ ಕಂಪನಿಗಳಲ್ಲಿ ಮೊದಲ ಜರಡಿ ಅಂಕ ಮತ್ತು ಪರೀಕ್ಷೆ. ಅದನ್ನು ದಾಟದವನ ಜಾಲತಾಣ ಯಾರಿಗೂ ಬೇಡ. ದಾಟಿದ ಮೇಲಾದರೂ ಎಷ್ಟು ನೋಡುತ್ತಾರೆ? ಅಮೆರಿಕದ ಲ್ಯಾಡರ್ಸ್ ಸಂಸ್ಥೆ 2018ರಲ್ಲಿ ಕಣ್ಣಿನ ಚಲನೆ ಅಳೆದಾಗ, ನೇಮಕಾತಿಯವರು ಒಂದು ರೆಸ್ಯೂಮೆಯ ಮೇಲೆ ಮೊದಲ ಸುತ್ತಿನಲ್ಲಿ ಕಣ್ಣಾಡಿಸಿದ್ದು ಸರಾಸರಿ 7.4 ಸೆಕೆಂಡು. ಹಾರುವ ಅಕ್ಷರ, ಜಾರುವ ಚಿತ್ರಗಳ ಪುಟ ತೆರೆದುಕೊಳ್ಳಲಿಕ್ಕೇ ಅಷ್ಟು ಹೊತ್ತು ಬೇಕು. ನಮ್ಮೂರ ನೆಟ್‌ವರ್ಕಿನಲ್ಲಂತೂ ಕೇಳುವುದೇ ಬೇಡ.

ಪೋರ್ಟ್‌ಫೋಲಿಯೊ ಎಂದರೆ ಮಾಡಿದ ಕೆಲಸಕ್ಕೆ ಸಾಕ್ಷಿ. ಕಾರ್ಯಾಗಾರಗಳಲ್ಲಿ ಕಲಿಸುತ್ತಿರುವುದು ಖಾಲಿ ಕಪಾಟಿಗೆ ಬಣ್ಣ ಬಳಿಯುವುದನ್ನು. ಎಲ್ಲರದೂ ಅದೇ ಟೆಂಪ್ಲೇಟು, ಅದೇ ಹವಾಮಾನದ ಆ್ಯಪು, ಅದೇ ನೆಟ್‌ಫ್ಲಿಕ್ಸ್ ನಕಲು. ತೋರಿಕೆಯೇ ಗುರಿಯಾದರೆ ಏನಾಗುತ್ತದೆಂದು 2020ರ ಅಕ್ಟೋಬರಿನಲ್ಲಿ ಲೋಕವೇ ನೋಡಿತು. ಮುಕ್ತ ತಂತ್ರಾಂಶ ಯೋಜನೆಗಳಿಗೆ ಕೊಡುಗೆ ಕೊಟ್ಟವರಿಗೆ ಟೀಶರ್ಟು ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ, ಅದರ ಆಸೆಗೆ ಬಿದ್ದವರು ಕಂಡಕಂಡವರ ಯೋಜನೆಗಳಿಗೆ ಅರ್ಥವಿಲ್ಲದ ಒಂದೆರಡು ಪದ ಸೇರಿಸಿ, ಅದನ್ನೇ ಕೊಡುಗೆ ಎಂದು ಕಳಿಸಿದರು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಪ್ರವೇಶ ಎಂದು ಆಯೋಜಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು.

ಛಾಯಾಗ್ರಾಹಕರ, ವಿನ್ಯಾಸಕಾರರ ಮಾತು ಬೇರೆ. ಅವರ ಕೆಲಸವನ್ನು ಕಣ್ಣಿಂದಲೇ ಅಳೆಯಬೇಕು.

ಉಳಿದವರಿಗೆ ನಮ್ಮ ಸುತ್ತ ಕೆಲಸಕ್ಕೇನು ಬರವೇ? ಅಡಿಕೆಯನ್ನೇ ನೋಡಿ. ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು: ಒಂದೊಂದಕ್ಕೂ ಬೇರೆ ಬೇರೆ ದರ, ಅದೂ ಏರುತ್ತಾ ಇಳಿಯುತ್ತಾ ಇರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ಬಿಟ್ಟ ದಿನ, ಮೈಲುತುತ್ತು–ಸುಣ್ಣದ ಖರ್ಚು, ಮದ್ದು ಬಿಡುವವರ ಸಂಬಳ ಎಲ್ಲ ಹಳೆಯ ಡೈರಿಯಲ್ಲೋ ಕ್ಯಾಲೆಂಡರಿನ ಮೂಲೆಯಲ್ಲೋ ಇರುತ್ತವೆ. ನೆಟ್ ಇಲ್ಲದಾಗಲೂ ಇವನ್ನು ಬರೆದಿಡಬಹುದಾದ ಒಂದು ಸಣ್ಣ ಆ್ಯಪ್ ಮಾಡಿ, ಅಪ್ಪನ ಕೈಗೋ ನೆರೆಮನೆಯ ಮಾವನ ಕೈಗೋ ಒಂದು ಮಳೆಗಾಲ ಕೊಟ್ಟು ನೋಡಿ. ‘ಇದು ಆಗುದಿಲ್ಲ ಮಾರಾಯ, ಒದ್ದೆ ಕೈಯಲ್ಲಿ ಒತ್ತುದು ಹೇಗೆ?’ ಎಂದು ಅವರು ಬೈದದ್ದು, ನೀವು ಗುಂಡಿ ದೊಡ್ಡದು ಮಾಡಿದ್ದು, ಆದರೂ ಸರಿಯಾಗದೆ ಉಳಿದದ್ದು, ಎಲ್ಲವನ್ನೂ ಒಂದೇ ಪುಟದಲ್ಲಿ ಬರೆಯಿರಿ. ಸಂದರ್ಶಕ ಹತ್ತು ಪ್ರಶ್ನೆ ಕೇಳಿದರೆ ಹತ್ತಕ್ಕೂ ನಿಮ್ಮದೇ ಉತ್ತರವಿರುತ್ತದೆ. ಯೂಟ್ಯೂಬ್ ನೋಡಿ ಕಟ್ಟಿದ ನಕಲು ಎರಡನೇ ಪ್ರಶ್ನೆಗೇ ಬಾಯಿ ಮುಚ್ಚಿಕೊಳ್ಳುತ್ತದೆ.

ಆ ಪುಟಕ್ಕೆ ದುಡ್ಡೂ ಬೇಕಿಲ್ಲ, ಗಿಟ್‌ಹಬ್‌ನಲ್ಲಿ ಉಚಿತ ಜಾಗವಿದೆ. ಕೊನೆಯ ಸೆಮಿಸ್ಟರಿನಲ್ಲಿ ಪೋರ್ಟ್‌ಫೋಲಿಯೊ ಕಾರ್ಯಾಗಾರ ಇಟ್ಟುಕೊಳ್ಳುವ ಕಾಲೇಜುಗಳು ಅದನ್ನು ಎರಡನೇ ವರ್ಷಕ್ಕೆ ತರಲಿ. ಆ ದಿನ ಮಕ್ಕಳನ್ನು ಲ್ಯಾಬಿನಲ್ಲಿ ಕೂರಿಸದೆ ಹತ್ತಿರದ ಸಹಕಾರಿ ಸೊಸೈಟಿಗೋ ಅಡಿಕೆ ಖರೀದಿ ಕೇಂದ್ರಕ್ಕೋ ಕಳಿಸಲಿ.