ಹತ್ತಿ ಅನ್ನೋ ಮಾತಿಗೆ ಎಷ್ಟು ಅಕ್ಷರ?

ಪುಸ್ತಕದ ಮೇಲೆ, ಬಯಲಾಟದ ಮೇಲೆ ವಿಮರ್ಶೆ ಬರೆಯೋದು ರೂಢಿ. ನಾನು ಒಂದು ಕಂಪ್ಯೂಟರ್ ಭಾಷೆಯ ಮೇಲೆ ಬರೀತಿದ್ದೀನಿ. ಏಳನೇ ಕ್ಲಾಸು ಓದಿದ ರೈತ, ಭಜನಿ ಪದ ಹಾಡೋನು, ಇವನಿಗ್ಯಾಕ ಈ ಉಸಾಬರಿ ಅಂತ ಕೇಳಬಹುದು. ಭಾಷೆ ಅಂತ ಹೆಸರು ಇಟ್ಟುಕೊಂಡ ಮೇಲೆ ಅದು ಹೆಂಗ ಮಾತಾಡ್ತೈತಿ, ಯಾರ ಕೂಡ ಮಾತಾಡ್ತೈತಿ, ಯಾರನ್ನ ಹೊರಗ ನಿಲ್ಲಿಸ್ತೈತಿ ಅಂತ ಕೇಳೋ ಹಕ್ಕು ಮಾತು ಬಲ್ಲವರಿಗೆಲ್ಲಾ ಐತಿ. ನಮ್ಮ ಮಕ್ಕಳು ಆದೋನಿಗೆ ಹೋಗಿ ಇದನ್ನ ಕಲೀತಿದ್ದಾರೆ. ಮಕ್ಕಳು ಕಲಿಯೋದನ್ನ ದೊಡ್ಡವರು ನೋಡಬೇಕು.

ಭಾಷೆಯ ಹೆಸರು ಪೈಥಾನ್. ಹೆಸರು ಕೇಳಿದರೆ ಹೆಬ್ಬಾವು ನೆನಪಾಗ್ತದೆ, ಆದರೆ ಅದು ಬಂದದ್ದು ಮಾಂಟಿ ಪೈಥಾನ್ ಎಂಬ ಇಂಗ್ಲೆಂಡಿನ ನಗೆನಾಟಕದ ಮೇಳದಿಂದ. ನಾಟಕದವರ ಹೆಸರು ಇಟ್ಟಾರಲ್ಲ ಅಂತ ನನಗೆ ಅಲ್ಲೇ ಸ್ವಲ್ಪ ಪ್ರೀತಿ ಹುಟ್ಟಿತು. ಗೀಡೊ ಫಾನ್ ರಾಸಮ್ ಎಂಬ ಹಾಲೆಂಡ್ ದೇಶದವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯಾಕ ಶುರು ಮಾಡಿ, 1991ರ ಫೆಬ್ರವರಿಯಲ್ಲಿ ಎಲ್ಲರ ಕೈಗೆ ಕೊಟ್ಟರು. ಮುಚ್ಚಿಡಲಿಲ್ಲ, ರೊಕ್ಕ ಕೇಳಲಿಲ್ಲ. ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದುಪಡಿ ಹೇಳಬಹುದು. ಅದೇ 1991ರಲ್ಲಿ ಯುನಿಕೋಡ್ ಎಂಬ ಲೋಕದ ಲಿಪಿಗಳ ಪಟ್ಟಿಯೂ ಮೊದಲ ಸಲ ಹೊರಗೆ ಬಂತು. ಅದರಲ್ಲಿ ನಮ್ಮ ಕನ್ನಡ, ತೆಲುಗು ಎರಡೂ ಪಕ್ಕ ಪಕ್ಕ ಕೂತಿದ್ದವು. ಈ ಎರಡು ಕೆಲಸ ಬೇರೆ ಬೇರೆ ಮನೆಯಲ್ಲಿ ಹುಟ್ಟಿದವು. ಇವು ಎಷ್ಟರ ಮಟ್ಟಿಗೆ ಕೂಡಿ ಬಾಳ್ಯಾವು ಅನ್ನೋದೇ ನನ್ನ ವಿಮರ್ಶೆ.

ಮೊದಲು ಮೆಚ್ಚಿದ್ದು ಹೇಳ್ತೀನಿ. ಪೈಥಾನಿಗೆ ಒಂದು ಕನ್ಸೋಲ್ ಐತಿ. ಅಂದರೆ ಕರೀ ಹಲಗೆಯಂಥ ಒಂದು ಕಿಟಕಿ. ಅದರಲ್ಲಿ ಮೂರು ಬಾಣದ ಗುರುತು ನಿಂತಿರ್ತದೆ. ನೀನು ಒಂದು ಸಾಲು ಬರೆದರೆ ಅದು ಒಂದು ಸಾಲು ಉತ್ತರ ಕೊಡ್ತದೆ. ಹನ್ನೆರಡು ಕ್ವಿಂಟಲ್ ಹತ್ತಿ, ಕ್ವಿಂಟಲಿಗೆ 7000 ಅಂತ ಇಟ್ಟುಕೊಂಡು 12ಕ್ಕೂ 7000ಕ್ಕೂ ನಡುವೆ ಒಂದು ಚುಕ್ಕೆ ನಕ್ಷತ್ರ ಹಾಕಿದರೆ, ಕಣ್ಣು ಮಿಟುಕಿಸೋದರೊಳಗೆ 84000 ಅಂತದೆ. ನಮ್ಮ ಸವಾಲ್ ಜವಾಬ್ ಪದ ಕೇಳಿದವರಿಗೆ ಇದು ಹೊಸದಲ್ಲ. ಮುಂದಿನವನು ಒಂದು ನುಡಿ ಹಾಕ್ತಾನೆ, ಎದುರಿನವನು ಕೂಡಲೇ ತಿರುಗಿಸಿ ಕೊಡ್ತಾನೆ. ಇಡೀ ರಾತ್ರಿಯ ಆಟ ಬರೆದು ಮುಗಿಸಿ ಆಮೇಲೆ ಸರಿಯೋ ತಪ್ಪೋ ನೋಡೋಣ ಅನ್ನೋದಲ್ಲ, ಒಂದೊಂದು ನುಡಿಗೇ ಪರೀಕ್ಷೆ. ಕಲಿಯೋ ಹುಡುಗರಿಗೆ ಇದಕ್ಕಿಂತ ಒಳ್ಳೇ ಗುರು ಇಲ್ಲ. ತಪ್ಪು ಮಾಡಿದರೂ ಹೊಡೆಯಲ್ಲ, ಮತ್ತೆ ಮೂರು ಬಾಣ ಹಾಕಿಕೊಂಡು ಕಾಯ್ತಿರ್ತದೆ.

ಈ ಕನ್ಸೋಲನ್ನ ಒಬ್ಬರೇ ಮಾಡಲಿಲ್ಲ. 2001ರಲ್ಲಿ ಫರ್ನಾಂಡೊ ಪೆರೆಜ್ ಎಂಬ ಕೊಲಂಬಿಯಾ ದೇಶದ ವಿದ್ಯಾರ್ಥಿ, ಇದು ನನ್ನ ಲೆಕ್ಕಕ್ಕೆ ಸಾಲದು ಅಂತ ತನ್ನದೇ ಐಪೈಥಾನ್ ಎಂಬ ಕನ್ಸೋಲ್ ಕಟ್ಟಿಕೊಂಡ. ವಿಜ್ಞಾನಿಗಳೆಲ್ಲ ಅದನ್ನೇ ಹಿಡಿದರು. ಮೂಲ ಮನೆಯ ಕನ್ಸೋಲ್ ಮಾತ್ರ ಬಹಳ ವರ್ಷ ಹಳೇ ಥರವೇ ಉಳೀತು. ಐದು ಸಾಲು ಬರೆದು ಒಂದು ತಪ್ಪಾದರೆ ಐದನ್ನೂ ಒಟ್ಟಿಗೆ ಮರಳಿ ಕರೆಯಾಕ ಬರ್ತಿರಲಿಲ್ಲ, ಒಂದೊಂದೇ ಸಾಲು ಎಳೀಬೇಕಿತ್ತು. ಹೊರಗೆ ಹೋಗಾಕ ಎಕ್ಸಿಟ್ ಅಂತ ಬರೆದರೆ, ಹಂಗಲ್ಲ, ಮುಂದೆ ಎರಡು ಕಂಸ ಹಾಕು ಅಂತ ಬುದ್ಧಿ ಹೇಳ್ತಿತ್ತು. ಏನು ಕೇಳ್ತಿದ್ದೀ ಅನ್ನೋದು ಅದಕ್ಕೆ ತಿಳಿದಿತ್ತು ನೋಡ್ರಿ, ಆದರೂ ಬಾಗಿಲು ತೆಗೀತಿರಲಿಲ್ಲ. ಸರ್ಕಾರಿ ಕಚೇರಿ ಗುಮಾಸ್ತರ ನೆನಪು ಬರ್ತದೆ.

2024ರ ಅಕ್ಟೋಬರಿನಲ್ಲಿ ಬಂದ 3.13ನೇ ಆವೃತ್ತಿಯಲ್ಲಿ ಇದನ್ನ ಸರಿ ಮಾಡಿದರು. ಪಾಬ್ಲೊ ಗಾಲಿಂಡೊ, ವುಕಾಶ್ ಲಂಗಾ, ಲಿಸಾಂಡ್ರೋಸ್ ನಿಕೊಲಾವು ಎಂಬ ಮೂವರು ಕೂಡಿ ಹೊಸ ಕನ್ಸೋಲ್ ತಂದರು. ಅವರು ಶುರುವಿನಿಂದ ಬರೆಯಲಿಲ್ಲ. ಪೈಪೈ ಎಂಬ ಇನ್ನೊಂದು ತಂಡ ಕಾಪಾಡಿಕೊಂಡು ಬಂದಿದ್ದ ಹಳೇ ಕೆಲಸವನ್ನ ತೆಗೆದುಕೊಂಡು, ಬಣ್ಣ ಹಚ್ಚಿ, ಒಗ್ಗಿಸಿ, ಮೂಲ ಮನೆಗೆ ತಂದರು. ಒಬ್ಬ ಕಟ್ಟಿದ ಪದವನ್ನ ಇನ್ನೊಬ್ಬ ಬಾಯಲ್ಲಿ ಇಟ್ಟುಕೊಂಡು, ಮೂರನೆಯವ ಧಾಟಿ ತಿದ್ದಿ ಹಾಡೋದು ನಮ್ಮಲ್ಲೂ ಐತಿ. ಅವರಲ್ಲಿ ಒಂದು ಹೆಚ್ಚುಗಾರಿಕೆ ಏನಂದ್ರೆ, ಯಾರಿಂದ ತಂದ್ವಿ ಅಂತ ಹೆಸರು ಹಾಕ್ಯಾರ. ನಮ್ಮಲ್ಲಿ ಕ್ಯಾಸೆಟ್ ಕಾಲದಿಂದ ಈಚೆಗೆ ಆ ಮರ್ಯಾದೆ ಕಡಿಮೆ ಆಗೈತಿ.

ಜಗಳವೂ ಆಗ್ಯಾವ. 2018ರಲ್ಲಿ ಎರಡು ಚುಕ್ಕಿಯ ಪಕ್ಕ ಒಂದು ಸಮಚಿಹ್ನೆ ಇಡಬೇಕೋ ಬೇಡವೋ ಅಂತ ವಾದ ಹತ್ತಿ, ಬೇಸತ್ತು ಗೀಡೊ ಅವರು ಯಜಮಾನಿಕೆಯನ್ನೇ ಬಿಟ್ಟರು. 2019ರಿಂದ ಕೆಲಸಗಾರರೇ ಓಟು ಹಾಕಿ ಆರಿಸಿದ ಐದು ಜನ ಹಿರೇತನ ಮಾಡ್ತಾರೆ. ಪಂಚರು ಅನ್ನೋದು ಎಲ್ಲಾ ಕಡೆ ಕೊನೆಗೆ ಐದೇ ಜನ ನೋಡ್ರಿ.

ಇನ್ನು ಬಿಲ್ಟ್ ಇನ್ ಫಂಕ್ಷನ್ನುಗಳ ವಿಚಾರ. ಅಂದರೆ ಭಾಷೆಯ ಕೂಡಲೇ ಬರೋ ಆಳುಗಳು. ಎಪ್ಪತ್ತರ ಆಸುಪಾಸು ಅದಾವ. ಪ್ರಿಂಟ್ ಅಂದರೆ ತೋರಿಸ್ತದೆ, ಸಮ್ ಅಂದರೆ ಕೂಡಿಸ್ತದೆ, ಸಾರ್ಟೆಡ್ ಅಂದರೆ ಸಾಲಾಗಿ ಜೋಡಿಸ್ತದೆ, ಲೆನ್ ಅಂದರೆ ಉದ್ದ ಎಣಿಸ್ತದೆ. ಹೆಸರು ಚಿಕ್ಕವು, ಕೆಲಸ ಒಂದೊಂದೇ. ಇದು ಗುಣ. ನನ್ನ ತಕರಾರು ಕನ್ನಡ ಮುಂದಿಟ್ಟಾಗ ಇವು ಮಾಡೋ ಕೆಲಸದ ಮೇಲೆ.

ತಮ್ಮನ ಮೊಮ್ಮಗನ ಕೈಲಿ ಲೆನ್‌ಗೆ "ಬಸವ" ಕೊಡಿಸಿದೆ. 3 ಅಂತು. ಸರಿ. "ಹತ್ತಿ" ಕೊಡಿಸಿದೆ. 5 ಅಂತು. "ಹರಿವಾಣ" ಅಂದರೆ 6 ಅಂತು.

"ಇದ್ಯಾಕಪ್ಪಾ, ಹತ್ತಿಗೆ ಎರಡೇ ಅಕ್ಷರ ಅಲ್ಲೇನು?" ಅಂದೆ.

"ತಾತ, ಅದು ಹ ಒಂದು, ತ ಒಂದು, ಅರ್ಕಾವೊತ್ತಲ್ಲ, ಆ ಕೂಡಿಸೋ ಗುರುತು ಒಂದು, ಇನ್ನೊಂದು ತ, ಕೊನೆಗೆ ಗುಡಿಸು ಒಂದು ಅಂತ ಎಣಿಸ್ತದೆ" ಅಂದ.

ಯುನಿಕೋಡ್ ಪಟ್ಟಿಯಲ್ಲಿ ಒತ್ತು ಕೂಡಿಸೋ ಗುರುತು, ಗುಡಿಸು, ಕೊಂಬು ಎಲ್ಲಕ್ಕೂ ಬೇರೆ ಬೇರೆ ಮನೆ ಕೊಟ್ಟಾರ. ಲೆನ್ ಆ ಮನೆಗಳನ್ನ ಎಣಿಸ್ತದೆ, ಅಕ್ಷರವನ್ನಲ್ಲ. ಶಾಲೆಯಲ್ಲಿ ಮೇಷ್ಟ್ರು ಕಲಿಸೋ ಪ್ರಕಾರ ಹತ್ತಿಗೆ ಅಕ್ಷರ ಎರಡು. ಛಂದಸ್ಸಿನ ಪ್ರಕಾರ ಒತ್ತಕ್ಷರದ ಹಿಂದಿನ ಹ ಗುರು, ತ್ತಿ ಲಘು, ಕೂಡಿ ಮಾತ್ರೆ ಮೂರು. ಯಂತ್ರದ ಐದು ಇವೆರಡರಲ್ಲಿ ಯಾವುದಕ್ಕೂ ಹೊಂದಲ್ಲ. ತಾಳ ಹಾಕೋನಿಗೆ ಆ ಐದರಿಂದ ಏನೂ ಉಪಯೋಗ ಇಲ್ಲ. ಇಂಗ್ಲಿಷಿನಲ್ಲಿ ಕಾಟನ್ ಅಂತ ಅವರ ಲಿಪಿಯಲ್ಲಿ ಬರೆದರೆ ಅವರ ಮಕ್ಕಳು ಎಣಿಸಿದಷ್ಟೇ ಬರ್ತದೆ. ನಮ್ಮ ಮಗು ಎಣಿಸಿದರೆ ಬೇರೆ ಬರ್ತದೆ. ಆಗ ಮಗು ತನ್ನ ಎಣಿಕೆಯೇ ತಪ್ಪು ಅಂದುಕೊಳ್ತದೆ. ನನಗೆ ಸಂಕಟ ಆಗೋದು ಇಲ್ಲಿ.

ಸಾರ್ಟೆಡ್‌ದೂ ಅದೇ ಕಥೆ. ಕವಡೆ, ಕಹಳೆ, ಕಳಸ. ಯ ರ ಲ ವ ಶ ಷ ಸ ಹ ಳ ಅಂತ ಬಾಯಿಪಾಠ ಮಾಡಿದವರು ಇದೇ ಸಾಲಿನಲ್ಲಿ ಇಡ್ತಾರೆ. ಪೈಥಾನ್ ಕಳಸವನ್ನ ಮೊದಲಿಗೆ ತಂದು ಇಡ್ತದೆ, ಯಾಕಂದ್ರೆ ಯುನಿಕೋಡ್ ಪಟ್ಟಿಯಲ್ಲಿ ಳಕಾರ ಲಕಾರದ ಮಗ್ಗುಲಲ್ಲಿ ಐತಿ. ಹಾಜರಿ ಪಟ್ಟಿ ಮಾಡೋ ಮೇಷ್ಟ್ರುಗಳು ಇದನ್ನ ಗಮನಿಸಬೇಕು.

ಅಂಕಿಯಲ್ಲಿ ಇನ್ನೂ ವಿಚಿತ್ರ. ಉದ್ಧರಣ ಚಿಹ್ನೆಯೊಳಗೆ "೧೨" ಬರೆದು ಇಂಟ್ ಎಂಬ ಫಂಕ್ಷನ್ನಿಗೆ ಕೊಟ್ಟರೆ, ಜಾಣನಂಗ 12 ಅಂತ ತಿರುಗಿಸಿ ಕೊಡ್ತದೆ. ಅಂದರೆ ಕನ್ನಡ ಅಂಕಿ ಅದಕ್ಕೆ ಗೊತ್ತು. ಅದೇ ೫ ಕೂಡಿಸು ೩ ಅಂತ ನೇರ ಬರೆದರೆ ಒಪ್ಪಲ್ಲ, ಇಂಗ್ಲಿಷಿನಲ್ಲಿ ಬೈತದೆ. ಗೊತ್ತಿದ್ದೂ ಪಡಸಾಲೆಗೆ ಬಿಟ್ಟುಕೊಂಡು ಅಡಿಗೆಮನೆಗೆ ಬಿಡದ ಹಂಗಾಯ್ತು.

ಹಂಗಂತ ಮಾಡಿದವರಿಗೆ ನಮ್ಮ ಮೇಲೆ ತಿರಸ್ಕಾರ ಐತಿ ಅಂತ ನಾನು ಹೇಳಲ್ಲ. 2007ರಲ್ಲಿ ಮಾರ್ಟಿನ್ ಫಾನ್ ಲೂವಿಸ್ ಎಂಬ ಜರ್ಮನಿಯವರು, ಹೆಸರುಗಳನ್ನ ಅವರವರ ಲಿಪಿಯಲ್ಲಿ ಇಡಾಕ ಬಿಡಬೇಕು ಅಂತ ಬರೆದುಕೊಟ್ಟರು. 2008ರ ಡಿಸೆಂಬರಿನಲ್ಲಿ ಬಂದ ಮೂರನೇ ಪೈಥಾನಿನಲ್ಲಿ ಅದು ಜಾರಿ ಆಯ್ತು. ಹಾಗಾಗಿ ಇವತ್ತು ಪ್ರಿಂಟ್ ಎಂಬ ಆಳಿಗೆ "ಹೇಳು" ಅಂತ ಹೆಸರಿಟ್ಟು ಕರೆಯಬಹುದು, ಕರೆದರೆ ಬರ್ತದೆ. ಆದರೆ ಇಫ್, ಫಾರ್, ವೈಲ್ ಎಂಬ ಗೌಡಿಕೆಯ ಮಾತುಗಳ ಹೆಸರು ಬದಲಿಸಾಕ ಬರಲ್ಲ. ತಮಿಳರು ಇದಕ್ಕೆ ಬೇರೆ ದಾರಿ ಹುಡುಕಿದರು. ಮುತ್ತು ಅಣ್ಣಾಮಲೈ ಎಂಬುವರು ಎಳಿಲ್ ಅಂತ ಪೂರ್ತಿ ತಮಿಳಿನ ಗಣಕ ಭಾಷೆಯನ್ನೇ ಕಟ್ಟಿದರು. ಅದರಲ್ಲಿ ಪ್ರಿಂಟ್‌ಗೆ ಪದಿಪ್ಪಿ ಅಂತಾರೆ. ತಮಾಷೆ ಏನಂದ್ರೆ ಅದನ್ನ ಕಟ್ಟಿದ್ದೂ ಪೈಥಾನಿನಲ್ಲೇ.

ನಾವೂ ಹಂಗ ಪೂರ್ತಿ ಕನ್ನಡದ ಭಾಷೆ ಕಟ್ಟಬೇಕಾ? ಅದು ಚಂದ, ಆದರೆ ಹುಡುಗ ನಾಳೆ ಕೆಲಸಕ್ಕೆ ಹೋದಲ್ಲಿ ಪೈಥಾನನ್ನೇ ಕೇಳ್ತಾರೆ. ನಮ್ಮ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದಾಗಿನಿಂದ ನಾವು ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆ ಇಟ್ಟುಕೊಂಡು ಬದುಕಿದವರು. ಊರಿನ ಹೆಸರೇ ನೋಡ್ರಿ, ಪೆದ್ದ ಅನ್ನೋದು ತೆಲುಗು, ಹರಿವಾಣ ಅನ್ನೋದು ಎರಡಕ್ಕೂ ಸಲ್ಲೋ ಮಾತು. ಇನ್ನೊಬ್ಬರ ಭಾಷೆ ಕಲಿಯೋದು ನಮಗೆ ಅವಮಾನ ಅಲ್ಲ. ಕಲಿತ ಭಾಷೆಗೆ ನಮ್ಮ ಎಣಿಕೆ ಕಲಿಸದೆ ಸುಮ್ಮನಿರೋದು ಮಾತ್ರ ನಷ್ಟ.

ಕಲಿಸಾಕ ಬರ್ತದೆ, ಅದೇ ಈ ಭಾಷೆಯ ದೊಡ್ಡ ಗುಣ. ನಿಯಮ ನಾನು ಬಾಯಲ್ಲಿ ಹೇಳಿದೆ, ಹುಡುಗ ಬರೆದ. ಗುಡಿಸು, ಕೊಂಬು, ಇಳಿಯಂಥ ಸ್ವರದ ಗುರುತು ಎಣಿಸಬೇಡ. ಸೊನ್ನೆ, ವಿಸರ್ಗ ಎಣಿಸಬೇಡ. ಕೂಡಿಸೋ ಗುರುತು ಎಣಿಸಬೇಡ, ಅದರ ಬೆನ್ನಿಗೆ ಬಂದ ವ್ಯಂಜನವನ್ನೂ ಎಣಿಸಬೇಡ. ಉಳಿದದ್ದು ಎಣಿಸು. ಹತ್ತು ಹನ್ನೆರಡು ಸಾಲಿನಲ್ಲಿ ಮುಗೀತು. ಆ ಫಂಕ್ಷನ್ನಿಗೆ "ಅಕ್ಷರ" ಅಂತ ಹೆಸರಿಟ್ಟ. ಹತ್ತಿಗೆ 2 ಅಂತು, ಹರಿವಾಣಕ್ಕೆ 4 ಅಂತು. ಲಘು ಗುರು ಗುರುತಿಸಿ ಮಾತ್ರೆ ಎಣಿಸೋ ಇನ್ನೊಂದು ಫಂಕ್ಷನ್ ಬರೆಯೋದು ಉಳಿದೈತಿ. ಅದು ಸ್ವಲ್ಪ ಕಷ್ಟ, ಆದರೆ ಆಗದ ಕೆಲಸ ಅಲ್ಲ.

ಆದ್ದರಿಂದ ನನ್ನ ತೀರ್ಪು ಹಿಂಗೈತಿ. ಕನ್ಸೋಲಿಗೆ ಪೂರ್ತಿ ಅಂಕ ಕೊಡ್ತೀನಿ, ತಡ ಆದರೂ ಬಾಗಿಲು ತೆಗೆದದ್ದಕ್ಕೆ. ಕೂಡಿ ಮಾಡೋ ರೀತಿಗೂ ಕೊಡ್ತೀನಿ. ಬಿಲ್ಟ್ ಇನ್ ಫಂಕ್ಷನ್ನುಗಳಿಗೆ ಅರ್ಧ, ಯಾಕಂದ್ರೆ ಅವು ಕನ್ನಡವನ್ನ ಇಟ್ಟುಕೊಳ್ತಾವ, ಓದಲ್ಲ. ಬೈಗುಳವೆಲ್ಲಾ ಇಂಗ್ಲಿಷಿನಲ್ಲೇ ಇರೋದಕ್ಕೆ ಅಂಕ ಇಲ್ಲ.

ಕನ್ನಡ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ವ್ಯಾಕರಣದ ತಾಸಿನಲ್ಲಿ ಲಘು ಗುರು ಕಲಿಸ್ತೀರಿ, ಕಂಪ್ಯೂಟರ್ ತಾಸಿನಲ್ಲಿ ಪೈಥಾನ್ ಬಂದರೆ ಬರ್ತದೆ. ಎರಡನ್ನೂ ಒಂದೇ ದಿನ ಕಲಿಸ್ರಿ. ಮಾತ್ರೆ ಎಣಿಸೋ ಫಂಕ್ಷನ್ ಬರೆಯೋದನ್ನ ಮಕ್ಕಳಿಗೆ ಮನೆಗೆಲಸ ಕೊಡ್ರಿ. ಸಂದೇಹ ಬಂದರೆ ಸಂಜೆ ವಾಚನಾಲಯಕ್ಕೆ ಕಳಿಸ್ರಿ, ತಾಳ ಹಾಕಿ ಹೇಳಾಕ ನಾನಿರ್ತೀನಿ.